ಬಿಜಲಿಯ ಬಲಗಾಲು

ಹೋದ ತಿಂಗಳು ಬೂಟಿನ ಅಂಗಡಿಯಲ್ಲಿ ಸುಮ್ಮಸುಮ್ಮನೆ ಸಿಡುಕಿದೆ. ಸಕ್ಕರೆ ಕಾಯಿಲೆ ಬಂದ ಮೇಲೆ ಮೆತ್ತನೆಯ ಅಟ್ಟೆಯ ಬೂಟು ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅಂಗಡಿಯವನು ನನ್ನ ಎರಡೂ ಪಾದಗಳನ್ನು ಅಳತೆಯ ಹಲಗೆಯ ಮೇಲೆ ಇಡಿಸಿ, ಎಡಗಾಲು ಸ್ವಲ್ಪ ಚಿಕ್ಕದು ಎಂದ. "ಅಂದರಿಕೀ ಅಂತೇ ಸಾರ್, ಎವರಿಕೀ ರೆಂಡೂ ಒಕಟೇ ಉಂಡವು" ಎಂದು ತೆಲುಗಿನಲ್ಲಿ ಸಮಾಧಾನವನ್ನೂ ಹೇಳಿದ. ಎಲ್ಲರದೂ ಹಾಗೇ, ಯಾರಿಗೂ ಎರಡೂ ಒಂದೇ ಇರುವುದಿಲ್ಲ ಎಂದು. ಅಷ್ಟಕ್ಕೇ ನಾನು, "ಗೊತ್ತೈತಿ, ನೀ ನನಗ ಹೇಳಬ್ಯಾಡ" ಎಂದು ಅವನಿಗೆ ತಿಳಿಯದ ಕನ್ನಡದಲ್ಲಿ ಗದರಿಬಿಟ್ಟೆ.

"ಪಾಪ, ಆತ ಏನಂದನ್ರೀ ಈಗ? ಮೈಮ್ಯಾಲೆ ಬಂದವರಂಗ ಯಾಕ ಮಾಡಾಕತ್ತೀರಿ?" ಎಂದಳು ನನ್ನ ಹೆಂಡತಿ ಸುಮಿತ್ರಾ. ಮದುವೆಯಾಗಿ ನಲವತ್ತು ವರ್ಷ ದಾಟಿದರೂ ಆ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯ ನನಗೆ ಬರಲಿಲ್ಲ. ಬೂಟು ಕೊಳ್ಳದೆ ಮನೆಗೆ ಬಂದೆವು. ಅವತ್ತಿನಿಂದ ಆ ಮಳೆಗಾಲ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೈದರಾಬಾದಿನ ಬಾಲಾನಗರದಲ್ಲಿ ವಿಮಾನದ ಸಾಮಾನು ಮಾಡುವ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಹೊರಗಿನ ಸಣ್ಣ ಘಟಕಗಳು ಮಾಡಿಕೊಡುವ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಮೊಹರು ಒತ್ತುವುದು, ಕೂದಲೆಳೆಯಷ್ಟು ತಪ್ಪಿದ್ದರೂ ವಾಪಸು ಕಳಿಸುವುದು ನನ್ನ ಕೆಲಸ. ಆ ಕೆಲಸ ತಲೆಗೇರಿಬಿಟ್ಟಿತ್ತು. ಗೋಡೆಯ ಕ್ಯಾಲೆಂಡರು ಓರೆಯಾಗಿದ್ದರೆ ಉಣ್ಣಲು ಕೂಡುತ್ತಿರಲಿಲ್ಲ. ಸುಮಿತ್ರಾ ಚಪಾತಿ ಲಟ್ಟಿಸುವಾಗ ನಾನು ಅಡುಗೆಮನೆಗೆ ಹೋದರೆ, "ಹೊರಗ ಹೋಗ್ರಿ, ಇದಕ್ಕ ನಿಮ್ಮ ಸಿಕ್ಕಾ ಬ್ಯಾಡ" ಎಂದು ಅಟ್ಟುತ್ತಿದ್ದಳು.

ನಮ್ಮದು ಕೊಪ್ಪಳದ ಕಡೆಯ ಮನೆತನ. ಅಜ್ಜ ನಿಜಾಮರ ಕಾಲದಲ್ಲೇ ನೌಕರಿಗೆಂದು ಹೈದರಾಬಾದಿಗೆ ಬಂದವರು. ರಾಜ್ಯಗಳು ಬೇರೆಯಾದಾಗ ಅರ್ಧ ಬಳಗ ಆ ಕಡೆ ಉಳಿಯಿತು, ಅರ್ಧ ಇಲ್ಲೇ ಉಳಿಯಿತು. ಇಲ್ಲಿ ಉಳಿದವರಲ್ಲಿ ಅವ್ವನ ತಂಗಿ ವತ್ಸಲಾ ಮಾವಶಿ ಒಬ್ಬಳು. ಹುಡುಗಿಯರ ಶಾಲೆಯೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದಳು. ಮದುವೆ ಬೇಡವೆಂದಳು, ಯಾರೂ ಅವಳೆದುರು ಎರಡನೇ ಸಲ ಆ ಮಾತು ಎತ್ತಲಿಲ್ಲ. ಕೊರಳಲ್ಲಿ ಸೀಟಿ, ಕಾಲಲ್ಲಿ ಕ್ಯಾನ್ವಾಸ್ ಬೂಟು, ಎಂಥ ಗದ್ದಲದಲ್ಲೂ ಕೇಳಿಸುವ ದನಿ. ನಿವೃತ್ತಿಯಾದ ಮೇಲೆ ಎಲ್ಲರೂ ಕಾಶಿಯಾತ್ರೆ ಮಾಡುತ್ತಾಳೆ ಎಂದುಕೊಂಡಿದ್ದರೆ, ಅವಳು ನಾಚಾರಂ ದಾಟಿ ಬಂಡೆಗಳ ನಡುವೆ ಒಂದಿಷ್ಟು ಕೆಂಪು ನೆಲ ಗುತ್ತಿಗೆಗೆ ಹಿಡಿದು ಎರಡು ಕುದುರೆ ಸಾಕಿದಳು. ಪೋಲಿಯೋದಿಂದ ಕಾಲು ಬಡವಾದ ಮಕ್ಕಳನ್ನು ಬುಧವಾರ ಮತ್ತು ರವಿವಾರ ಅವುಗಳ ಮೇಲೆ ಕೂರಿಸಿ ಮೆಲ್ಲಗೆ ಸುತ್ತಾಡಿಸುತ್ತಿದ್ದಳು. ಕುದುರೆ ನಡೆಯುವಾಗ ಮಕ್ಕಳ ಸೊಂಟಕ್ಕೂ ಬೆನ್ನಿಗೂ ತಾನಾಗಿಯೇ ವ್ಯಾಯಾಮ ಸಿಗುತ್ತದೆ ಎಂದು ಎಲ್ಲೋ ಓದಿದ್ದಳಂತೆ. ರವಿವಾರದ ಲಗಾಮು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ಕುದುರೆಗಳಲ್ಲಿ ಒಂದು ಮುದಿ ಗಂಡು, ಸುಲ್ತಾನ. ಬೆನ್ನು ಬಗ್ಗಿ ಹೋಗಿತ್ತು, ತೀರ ಸಣ್ಣ ಮಕ್ಕಳಿಗಷ್ಟೇ ಆಗುತ್ತಿತ್ತು. ಇನ್ನೊಂದು ಬಿಜಲಿ ಎಂಬ ಕಂದು ಹೆಣ್ಣು. ಹೆಸರು ಇಟ್ಟವರಿಗೆ ನಮಸ್ಕಾರ ಮಾಡಬೇಕು, ಅಷ್ಟು ನಿಧಾನದ ಜೀವವನ್ನು ನಾನು ಬೇರೆ ಕಂಡಿಲ್ಲ. ಆ ನಿಧಾನವೇ ಮಕ್ಕಳಿಗೆ ಬೇಕಿತ್ತು. ಸುಜಾತ ಎಂಬ ಆರೇಳು ವರ್ಷದ ಹುಡುಗಿ, ಎರಡೂ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ತಾಯಿಯ ಸೊಂಟದ ಮೇಲೆ ಬರುತ್ತಿದ್ದಳು. ಮೊದಲ ದಿನ ಬಿಜಲಿಯ ಮೇಲೆ ಕೂತು ಸುತ್ತಲೂ ನೋಡಿ, "ನೇನು ಪೊಡುಗಯ್ಯಾನು!" ಎಂದು ಕೂಗಿದಳು. ನಾನು ಎತ್ತರವಾದೆ ಎಂದು. ಮಾವಶಿ ಸೀಟಿ ಹುಡುಕುವವಳ ಹಾಗೆ ಮಾಡಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಮಾವಶಿಯ ಕುದುರೆಗಳಿಗೆ ಲಾಳ ಇರಲಿಲ್ಲ. ಡಾಂಬರು ರಸ್ತೆ ತುಳಿಯುವ ಕುದುರೆಗೆ ಲಾಳ ಬೇಕು. ಇವು ಓಡಾಡುತ್ತಿದ್ದುದು ಕೆಂಪು ಮಣ್ಣಿನಲ್ಲಿ, ಅದೂ ನೆಟ್ಟಗೆ ನಿಲ್ಲಲಾಗದ ಮಕ್ಕಳ ನಡುವೆ. "ಕಬ್ಬಿಣದ ಕಾಲು ಒಂದ್ ಸಲ ಝಾಡಿಸಿದ್ರ ಕೂಸಿನ ಎಲುಬು ಉಳೀತೈತೇನು?" ಎನ್ನುತ್ತಿದ್ದಳು. ಆದರೆ ಲಾಳವಿಲ್ಲದ ಗೊರಸೂ ನಮ್ಮ ಉಗುರಿನ ಹಾಗೆ ಬೆಳೆಯುತ್ತದೆ. ಐದಾರು ವಾರಕ್ಕೊಮ್ಮೆ ಬಲ್ಲವರು ಕತ್ತರಿಸಿ ಅರದಿಂದ ಉಜ್ಜಿ ಸರಿಮಾಡಬೇಕು. ಹಾಗೆ ಮಾಡಿಕೊಡುತ್ತಿದ್ದ ಮುದುಕ ಆ ಬೇಸಿಗೆಯಲ್ಲಿ ತೀರಿಕೊಂಡ. ಮಾವಶಿ ಇನ್ನೊಬ್ಬರನ್ನು ಹುಡುಕು ಎಂದು ನನ್ನ ಬೆನ್ನು ಹತ್ತಿದಳು.

ಹುಡುಕುವುದೆಂದರೆ ಲಾಳ ಹೊಡೆಯುವವರು ಬೇಕಾದಷ್ಟು ಜನ ಇದ್ದರು. ಹಳೇ ಶಹರದಲ್ಲಿ ಟಾಂಗಾ ನಿಲ್ಲುವಲ್ಲಿ, ಮದುವೆಯ ಕುದುರೆ ಕಟ್ಟುವ ಓಣಿಗಳಲ್ಲಿ ಸ್ಕೂಟರ್ ತಿರುಗಿಸಿದೆ. ಲಾಳ ಬೇಡ, ಬರೀ ಗೊರಸು ಕತ್ತರಿಸಬೇಕು ಎಂದರೆ ಎಲ್ಲರೂ ನನ್ನನ್ನು ಮೇಲಿಂದ ಕೆಳಗೆ ನೋಡುವವರೇ. "ನಾಲ್ ನಕ್ಕೋ ಬೋಲೇ ತೋ ಮೈ ಕಾಯ್ಕೂ ಸಾಬ್?" ಎಂದು ಒಬ್ಬ ನಕ್ಕ, ಲಾಳ ಬೇಡವೆಂದರೆ ನಾನೇಕೆ ಎಂದು. ಇನ್ನೊಬ್ಬ ಒಪ್ಪಿ ಬಂದ. ಲಾಳ ಕೂರಿಸುವಾಗ ಮಾಡುವ ಹಾಗೆಯೇ ಅಂಗಾಲನ್ನು ಕೆತ್ತಿ ಕೆತ್ತಿ ಬೆಳ್ಳಗೆ ನುಣುಪು ಮಾಡಿದ. ನೋಡಲು ಚೆಂದವಿತ್ತು. ಲಾಳ ಇದ್ದರೆ ಭಾರ ಹೊರುವುದು ಕಬ್ಬಿಣ, ಅಂಗಾಲು ತೆಳ್ಳಗಾದರೂ ನಡೆಯುತ್ತದೆ. ಲಾಳವಿಲ್ಲದ ಕುದುರೆಗೆ ಅಂಗಾಲೇ ಚಪ್ಪಲಿ. ಮರುದಿನ ಬಿಜಲಿ ಹರಳು ಕಲ್ಲಿನ ಮೇಲೆ ಕಾದ ಹಂಚಿನ ಮೇಲೆ ನಡೆದಂತೆ ನಡೆದಳು. ಮಾವಶಿ ಆತನನ್ನು ಹಿಂದಿನ ಜನ್ಮದ ತನಕ ಬೈದಳು. ಮೃಗಶಿರಾ ಮಳೆ ಬಿದ್ದು ನೆಲ ಮೆತ್ತಗಾಯಿತು, ಗೊರಸಿನ ಅಂಚು ಬಿರುಕು ಬಿಡತೊಡಗಿತು, ಮನುಷ್ಯ ಮಾತ್ರ ಸಿಗಲಿಲ್ಲ.

ಸಿಕ್ಕದ್ದು ನಾನು ಹುಡುಕದ ಜಾಗದಲ್ಲಿ. ನಾಚಾರಂ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಎರಕದ ಘಟಕಕ್ಕೆ ಮಾಲು ಪರೀಕ್ಷಿಸಲು ಹೋಗಿದ್ದೆ. ಊಟದ ಹೊತ್ತು. ಗೇಟಿನ ಹೊರಗೆ ಬೇವಿನ ಮರದಡಿ ಸೀಮೆಎಣ್ಣೆ ಗಾಡಿ ಎಳೆಯುವ ತಟ್ಟು ಕುದುರೆ ನಿಂತಿತ್ತು. ಅದರ ಮುಂಗಾಲನ್ನು ಮೊಣಕಾಲ ನಡುವೆ ಹಿಡಿದುಕೊಂಡು ವಯಸ್ಸಾದವರೊಬ್ಬರು ಸವೆದ ಅರದಿಂದ ಗೊರಸು ಉಜ್ಜುತ್ತಿದ್ದರು. ನೋಡಿದರೆ ಆ ಘಟಕದಲ್ಲೇ ಎರಕದ ಅಂಚುಗಳನ್ನು ಅರ ಹಾಕಿ ನುಣುಪು ಮಾಡುವ ಮೆಹಬೂಬ್ ಸಾಬರು. ಒಂದು ವರ್ಷದಿಂದ ಮುಖ ಪರಿಚಯ. "ನಿಲ್ಲವಾ, ನಿಲ್ಲ, ಆತು, ಇನ್ನೊಂದೀಟು" ಎಂದು ತಟ್ಟುವಿನ ಜೊತೆ ಮಾತಾಡುತ್ತಿದ್ದರು. ಕನ್ನಡ! ನಾನು ದಂಗಾಗಿ ಯಾವೂರೆಂದು ಕೇಳಿದೆ.

"ಕುಷ್ಟಗಿ ಕಡೀರಿ" ಎಂದು ಅವರೂ ಅಷ್ಟೇ ದಂಗಾದರು. "ಅಯ್ಯ, ನೀವೂ ನಮ್ಮ ಕಡೀ ಮಂದೀನ ಏನ್ರಿ? ವರ್ಷದಿಂದ ನಿಮ್ಮ ಮುಂದ ಹಿಂದಿ ಮಾತಾಡಿ ಮಾತಾಡಿ ದವಡಿ ನೋಯಿಸಿಕೊಂಡೀನಲ್ರಿ ಸಾಹೇಬ್ರ!"

ಅವರ ತಂದೆ, ಅಜ್ಜ ಎಲ್ಲ ತಟ್ಟುಗಳ ಗೊರಸು ನೋಡುತ್ತಿದ್ದವರಂತೆ. ಕುಷ್ಟಗಿಯ ಸುತ್ತ ಸಂತೆಯಿಂದ ಸಂತೆಗೆ ಸಾಮಾನು ಹೊರುವ ತಟ್ಟುಗಳಿಗೆ ಯಾರೂ ಲಾಳ ಹೊಡೆಸುತ್ತಿರಲಿಲ್ಲ. ಟೆಂಪೋ ಬಂದವು, ತಟ್ಟು ಹೋದವು. ಇವರು ಅರ ಹಿಡಿಯುವ ಕೈಯನ್ನೇ ನಂಬಿ ಇಲ್ಲಿಗೆ ಬಂದರು. ಕಬ್ಬಿಣ ಉಜ್ಜಿ ದಿನ ಕಳೆಯುತ್ತಿದ್ದರೂ ದಾರಿಯಲ್ಲಿ ಕಾಲು ಎತ್ತಿ ಇಡುವ ಪ್ರಾಣಿ ಕಂಡರೆ ಸುಮ್ಮನೆ ಹೋಗಲು ಅವರಿಂದ ಆಗುತ್ತಿರಲಿಲ್ಲ. ಮರು ರವಿವಾರವೇ ಕರೆದೊಯ್ದೆ.

ಮಾವಶಿ ಕುದುರೆಯ ಕಾಲು ಹಿಡಿದು ಸಿದ್ಧಳಾಗಿ ನಿಂತಿದ್ದರೆ, ಅವರು ಒಂದು ಬಕೆಟ್ ನೀರು ಕೇಳಿದರು. ನೆಲಕ್ಕೆ ಸುರುವಿ, ಅದರ ಮೇಲೆ ಬಿಜಲಿಯನ್ನು ನಡೆಸಿ, ಮೂಡಿದ ಹೆಜ್ಜೆಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಮತ್ತೆ ನಡೆಸಿದರು. ಹಿಂದಿನಿಂದ ನೋಡಿದರು, ಮಗ್ಗುಲಿಂದ ನೋಡಿದರು, ಚಹಾ ಕುಡಿಯುತ್ತ ನೋಡಿದರು. "ಇವರೇನು ಹೆಣ್ಣು ನೋಡಾಕ ಬಂದಾರೇನೋ?" ಎಂದು ಮಾವಶಿ ನನ್ನ ಕಿವಿಯಲ್ಲಿ ಗೊಣಗಿದಳು. ಕೊನೆಗೆ ಎದ್ದು ಬಂದು ಬಿಜಲಿಯ ಬಲ ಭುಜದ ಮೇಲೆ ಕೈ ಇಟ್ಟು ಮಾವಶಿಗೆ ಹೇಳಿದರು.

"ಬಾಯಾರ, ಈಕಿ ಮರಿ ಇದ್ದಾಗ ಇಲ್ಲಿ ಪೆಟ್ಟು ಬಿದ್ದೈತ್ರಿ. ಅದಕ್ಕ ಈ ಬಲಗಾಲಿನ ಗೊರಸು ಎಡದಕ್ಕಿಂತ ನೆಟ್ಟಗ ನಿಂತೈತಿ. ಹಿಮ್ಮಡಿ ಎತ್ತರ ಐತಿ. ಅದನ್ನ ಹಂಗೇ ಬಿಡಬೇಕ್ರಿ. ಗೊರಸು ಕಡಿಯೋದಂದ್ರ ಆಕಿ ಹೆಂಗ ನಡೀತಾಳ ಅದಕ್ಕ ದಾರಿ ಮಾಡಿಕೊಡೋದು, ಅಷ್ಟ."

ಅಂಗಾಲು ಮುಟ್ಟಲೇ ಇಲ್ಲ. ಅಂಚಿನ ಬಿರುಕುಗಳನ್ನು ತೆಗೆದು, ಸುತ್ತಲೂ ದುಂಡಗೆ ಉಜ್ಜಿ ಬಿಟ್ಟರು. ಮಳೆ ಹಿಡಿದ ಆ ಎರಡು ತಿಂಗಳಲ್ಲಿ ಬಿಜಲಿ ಕಲ್ಲಿನ ಮೇಲೂ ನಿಶ್ಚಿಂತೆಯಿಂದ ಹೆಜ್ಜೆ ಇಡತೊಡಗಿದಳು. ಸುಜಾತ ಎರಡೂ ಕೈ ಬಿಟ್ಟು ಕೂರುವಷ್ಟಾದಳು. ಮೆಹಬೂಬ್ ಸಾಬರೂ ಬೇರೆಯೇ ಮನುಷ್ಯರಾದರು. ರವಿವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರುವರು, ಕೆಲಸ ಶುರು ಮಾಡುವ ಮುಂಚೆ ಅದನ್ನು ಬಿಚ್ಚಿ ಬೇಲಿಯ ಮೇಲೆ ಮಡಚಿ ಇಡುವರು. ಸುದ್ದಿ ಹಬ್ಬಿತು. ಮದುವೆಯ ಕುದುರೆಯವರು, ಸವಾರಿ ಕಲಿಸುವವರು ಹೀಗೆ ಎರಡು ಮೂರು ಕಡೆಯಿಂದ ಕರೆ ಬಂತು. ಯಾರೋ ಅವರನ್ನು ಗೊರಸಿನ ಹಕೀಮ ಎಂದರಂತೆ. ಅದನ್ನು ನನಗೆ ಹೇಳುವಾಗ ನಾಚಿ ನೆಲ ನೋಡಿದರು.

ನಾನು ಖುಷಿಪಡಬೇಕಿತ್ತು. ನಾನೇ ಹುಡುಕಿ ತಂದವರು. ಆದರೆ ನನ್ನ ಹೊಟ್ಟೆಯೊಳಗೆ ಎಂಥದೋ ಉರಿ ಹತ್ತಿತು. ಮಾವಶಿ ಹೊತ್ತಿಲ್ಲ ಗೊತ್ತಿಲ್ಲ, "ಕಣ್ಣಂದ್ರ ಅವರ ಕಣ್ಣು ನೋಡೋ. ಭುಜದ ಪೆಟ್ಟು ಕಾಲಾಗ ಓದ್ತಾರ!" ಎನ್ನುತ್ತಿದ್ದಳು. ಕಣ್ಣು ನನ್ನ ಕಸುಬು. ಕಾರ್ಖಾನೆಯಲ್ಲಿ ಎಲ್ಲರೂ ನನ್ನ ಕಣ್ಣಿಗೆ ಹೆದರುತ್ತಿದ್ದರು. ಆ ಎರಕದ ಘಟಕದಲ್ಲಿ ಇವರು ಉಜ್ಜಿದ್ದನ್ನು ಪಾಸು ಮಾಡುವವನೂ ನಾನೇ. ಅದರ ಮೇಲೆ ಆ ಬಲಗಾಲು. ಪ್ರತಿ ರವಿವಾರ ಬಿಜಲಿಯ ಎದುರು ನಿಂತರೆ ಒಂದು ಗೊರಸು ಓರೆ, ಒಂದು ನೆಟ್ಟಗೆ. ನೋಡಿ ನೋಡಿ ಕಣ್ಣಲ್ಲಿ ಮುಳ್ಳು ಆಡಿದ ಹಾಗಾಗುತ್ತಿತ್ತು.

ಆಬಿಡ್ಸ್‌ನ ಫುಟ್‌ಪಾತಿನಲ್ಲಿ ರವಿವಾರ ಹಳೇ ಪುಸ್ತಕ ಹಾಸಿಕೊಂಡು ಕೂರುತ್ತಾರಲ್ಲ, ಅಲ್ಲಿ ಕುದುರೆಗಳ ಮೇಲೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದರಲ್ಲೊಂದು ಚಿತ್ರ, ಆದರ್ಶ ಗೊರಸು ನೆಲಕ್ಕೆ ಇಂತಿಷ್ಟು ಕೋನದಲ್ಲಿರಬೇಕು, ಎರಡೂ ಮುಂಗಾಲು ಸಮನಾಗಿರಬೇಕು ಎಂದು. ನನಗೆ ಇನ್ನೇನು ಬೇಕಿತ್ತು? ಮನೆಯಲ್ಲಿ ಕೂತು ಅಲ್ಯೂಮಿನಿಯಂ ತಗಡು ಕತ್ತರಿಸಿ ಆ ಕೋನಕ್ಕೆ ಸರಿಯಾಗಿ ಒಂದು ಗೇಜು ಮಾಡಿದೆ. ಅಂಚುಗಳನ್ನು ಉಜ್ಜಿ ಕನ್ನಡಿಯಂತೆ ಹೊಳೆಸಿದೆ. ಬಿಜಲಿಯ ಎಡಗೊರಸಿಗೆ ಹಿಡಿದರೆ ಕೂದಲೆಳೆ ತೂರದಷ್ಟು ಸರಿಹೊಂದಿತು. ಬಲಗೊರಸಿಗೆ ಹಿಡಿದರೆ ಬೆರಳು ತೂರುವಷ್ಟು ಸಂದು. ಕಾರ್ಖಾನೆಯಾಗಿದ್ದರೆ ಕೆಂಪು ಬಣ್ಣ ಬಳಿದು ಬದಿಗೆ ಎಸೆಯುವ ಮಾಲು ಅದು.

ಶ್ರಾವಣದಲ್ಲಿ ಮಾವಶಿ ಮದುವೆಯೊಂದಕ್ಕೆ ಕೊಪ್ಪಳಕ್ಕೆ ಹೋದಳು. ಹತ್ತು ದಿನ ಕುದುರೆಗಳ ಜವಾಬ್ದಾರಿ ನನಗೆ. ಹೋಗುವಾಗ, "ಮೆಹಬೂಬ್ ಸಾಬ್ರು ಹೇಳಿದಂಗ ಕೇಳು, ನಿನ್ನ ಶಾಣ್ಯಾತನ ಬ್ಯಾಡ" ಎಂದಳು. ಆ ಕೊನೆಯ ಮಾತು ನನ್ನನ್ನು ಚುಚ್ಚಿತು.

ರವಿವಾರ ಅವರು ಬಂದರು. ಅಂಗಿ ಬಿಚ್ಚಿ ಬೇಲಿಯ ಮೇಲಿಟ್ಟು ಕೆಲಸಕ್ಕೆ ಕೂತಾಗ ನಾನು ಗೇಜು ತೆಗೆದು ಬಲಗೊರಸಿಗೆ ಹಿಡಿದೆ. "ಇದಕ್ಕ ಕೂಡೂವಂಗ ಹಿಮ್ಮಡಿ ಇಳಸ್ರಿ" ಎಂದೆ.

ಅವರು ತಗಡನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. "ಭಾಳ ಛಲೋ ಮಾಡೀರಿ, ಕೈ ಕೆಲಸ ಅಂದ್ರ ಇದು. ಆದ್ರ ಸಾಹೇಬ್ರ, ಈಕಿಗೆ ಅದು ಬ್ಯಾಡ್ರಿ. ಹಿಮ್ಮಡಿ ಇಳಿಸಿದ್ರ ಹಿಂದಿನ ನರ ಜಗ್ಗತೈತಿ."

"ಪುಸ್ತಕದಾಗ ಐತ್ರಿ."

"ಇರಬಹುದ್ರಿ. ಆ ಪುಸ್ತಕದ ಕುದುರಿಗೆ ಭುಜಕ್ಕ ಪೆಟ್ಟು ಬಿದ್ದಿರಾಕಿಲ್ಲ."

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಎರಡನೇ ಸಲ ಹೇಳಿದೆ, ಅವರು ಎರಡನೇ ಸಲ ಬೇಡವೆಂದರು. ಕೈ ಮುಗಿದು ಬೇಡವೆಂದರು. ಆಗ ನನ್ನ ಬಾಯಿಂದ ಬಂದ ಮಾತನ್ನು ಇವತ್ತು ಬರೆಯಲು ಕೈ ಹಿಂಜರಿಯುತ್ತದೆ, ಬರೆಯಲೇಬೇಕು. "ವಿಮಾನದ ಸಾಮಾನು ಅಳಿಯಾವ ನಾನು. ನೀವು ಉಜ್ಜಿದ್ದು ಸರಿ ಐತೋ ಇಲ್ಲೋ ಅಂತ ದಿನಾ ನಾನ ಹೇಳೋದು. ನನಗ ಕಲಸ್ತೀರೇನು?" ಎಂದೆ.

ಅವರ ಮುಖ ಸಣ್ಣದಾಯಿತು. ಘಟಕದಲ್ಲಿ ನನ್ನೆದುರು ನಿಲ್ಲುವಾಗಿನ ಮುಖ ಅದು, ರವಿವಾರಗಳಲ್ಲಿ ನಾನು ಎಂದೂ ಕಂಡಿರಲಿಲ್ಲ. ಅರ ಕೈಗೆತ್ತಿಕೊಂಡು, "ಆತ್ರಿ. ನಿಮ್ಮ ಮಾತಿಗೆ ಮಾಡ್ತೀನಿ. ಆದ್ರ ಒಮ್ಮೆಲೆ ಬ್ಯಾಡ, ಈ ಸಲ ಒಂದೀಟು, ಮುಂದಿನ ಸಲ ಒಂದೀಟು..." ಎಂದರು. ಮಾವಶಿ ಬರುವುದರೊಳಗೆ ಎರಡೂ ಕಾಲು ಸಮನಾಗಿ ನಿಂತಿರಬೇಕು, ಅವಳು ನೋಡಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಇವತ್ತೇ ಆಗಬೇಕು ಎಂದೆ. ಅವರು ಉಜ್ಜಿದರು. ನಾನು ಪಕ್ಕದಲ್ಲಿ ಕೂತು ಗೇಜು ಹಿಡಿದು, ಇನ್ನೂ, ಇನ್ನೂ ಎನ್ನುತ್ತಿದ್ದೆ. ಮುಗಿದಾಗ ಹಿಮ್ಮಡಿ ಎರಡೇ ಬೆರಳು ಉಳಿದಿತ್ತು, ತಗಡು ಬಲಗೊರಸಿಗೂ ಸರಿಯಾಗಿ ಅಂಟಿ ಕೂತಿತು. ಎಷ್ಟು ಸಂತೋಷವಾಯಿತು ನನಗೆ! ಅವರು ಎಂದಿನಂತೆ ಚಹಾಕ್ಕೆ ನಿಲ್ಲದೆ ಅಂಗಿ ಹಾಕಿಕೊಂಡು ಹೊರಟರು.

ಮಂಗಳವಾರ ಬಿಜಲಿ ಬಲಗಾಲು ಎತ್ತಿ ಎತ್ತಿ ಇಟ್ಟಳು. ಬುಧವಾರ ನೆಲಕ್ಕೆ ಊರಲೇ ಇಲ್ಲ. ಮೊಣಕಾಲಿನ ಕೆಳಗೆ, ಹಿಂಭಾಗದ ನರ ಬಾತು ಕೈ ಇಟ್ಟರೆ ಸುಡುತ್ತಿತ್ತು. ಸುಜಾತಳನ್ನು ಎತ್ತಿಕೊಂಡು ಬಂದ ತಾಯಿ ಎರಡು ಬಸ್ಸು ಬದಲಿಸಿ ಬಂದವಳು ಹಾಗೇ ವಾಪಸು ಹೋದಳು. ಮಾವಶಿ ಬಂದದ್ದು ಮರುದಿನ. ಬ್ಯಾಗು ಕೆಳಗಿಡದೆ ಲಾಯಕ್ಕೆ ಹೋದವಳು ಅಲ್ಲೇ ಕುಸಿದು ಕೂತಳು. ದನದ ಡಾಕ್ಟರನ್ನು ಕರೆತಂದೆ. ಅವರು ಗೊರಸು ನೋಡಿದವರೇ, "ಇಷ್ಟೊಂದು ಹಿಮ್ಮಡಿ ಒಂದೇ ಸಲಕ್ಕೆ ತೆಗೆದವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಮಾವಶಿ ನನ್ನ ಕಡೆ ನೋಡಿದಳು. "ಮೆಹಬೂಬ್ ಸಾಬ್ರು ಕಡಿದ್ರು" ಎಂದೆ.

ಸುಳ್ಳಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಬಂತು. ಗೇಜು ಆಗ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು, ಕೂತಾಗ ತೊಡೆಗೆ ಒತ್ತುತ್ತಿತ್ತು.

ರವಿವಾರ ಅವರು ಬಂದಾಗ ಮಾವಶಿ ಬೇಲಿಯಾಚೆಯೇ ನಿಲ್ಲಿಸಿದಳು. "ಎಷ್ಟು ನಂಬಿದ್ದೆನ್ರಿ ನಿಮ್ಮನ್ನ! ಹಂಗೇ ಬಿಡಬೇಕು ಅಂದವರು ನೀವ, ಕಡದವರೂ ನೀವ! ನಾ ಇಲ್ಲಂತ ಕೈಗೆ ಬಂದಂಗ ಮಾಡಿದ್ರೇನು? ಆ ಮಕ್ಕಳಿಗೆ ನಾ ಏನ್ ಹೇಳ್ಲಿ?" ಅವಳ ದನಿ ಒಡೆದು ಹೋಯಿತು. ಮೆಹಬೂಬ್ ಸಾಬರು ನನ್ನನ್ನು ನೋಡಿದರು. ದೂರುವ ನೋಟವಲ್ಲ. ಈಗ ಇವರು ಹೇಳುತ್ತಾರೆ ಎಂದು ಕಾಯುವ ನೋಟ. ನಾನು ಬಿಜಲಿಯ ಲಗಾಮಿನ ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ಕಾದು ಕಾದು ಅವರು ಮಾವಶಿಯ ಕಡೆ ತಿರುಗಿದರು.

"ಅರ ನನ್ನ ಕೈಯಾಗಿತ್ತ್ರಿ ಬಾಯಾರ. ತಪ್ಪಾತು" ಎಂದರು. ಅಷ್ಟೇ. ಅಂಗಿ ಹಾಕಿಕೊಂಡೇ ಇದ್ದರು, ಹಾಗೇ ತಿರುಗಿ ನಡೆದರು.

ಮಾವಶಿಯ ಬಾಯಿ ಕಟ್ಟುವವರು ಯಾರು? ಕುದುರೆ ಇರುವ ಎಲ್ಲರಿಗೂ ಹೇಳಿದಳು. ಗೊರಸಿನ ಹಕೀಮನನ್ನು ಮತ್ತೆ ಯಾರೂ ಕರೆಯಲಿಲ್ಲ. ನಾನು ನಾಚಾರಂ ಘಟಕದ ತಪಾಸಣೆಯನ್ನು ಸಹೋದ್ಯೋಗಿಗೆ ಬಿಟ್ಟುಕೊಟ್ಟೆ, ದೂರವಾಗುತ್ತದೆ ಎಂದು ನೆಪ ಹೇಳಿ. ಮುಖ ತೋರಿಸುವ ಧೈರ್ಯವಿರಲಿಲ್ಲ, ಹೇಡಿ ನಾನು. ಬಿಜಲಿಗೆ ದಿನಾ ಬೆಳಗ್ಗೆ ತಣ್ಣೀರಿನ ಪಟ್ಟಿ ಕಟ್ಟಲು ಬಾಲಾನಗರದಿಂದ ಹೋಗಿ ಬರುತ್ತಿದ್ದೆ. ಮಾವಶಿ ಬಂದವರಿಗೆಲ್ಲ ನನ್ನನ್ನು ಹೊಗಳುತ್ತಿದ್ದಳು, ಅಕ್ಕನ ಮಗ ಅಂದರೆ ಹೀಗಿರಬೇಕು ಎಂದು. ಆ ಹೊಗಳಿಕೆ ಕೇಳುವಾಗ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು. ವಾರ ಕಳೆದಂತೆ ಬಲಗೊರಸಿನ ಹಿಮ್ಮಡಿ ಮತ್ತೆ ಬೆಳೆಯಿತು. ಅದು ಎತ್ತರವಾದಷ್ಟೂ ಬಿಜಲಿಯ ನೋವು ಇಳಿಯಿತು. ಮೂರು ಬೆರಳಷ್ಟಾದಾಗ, ಅಂದರೆ ಮೆಹಬೂಬ್ ಸಾಬರು ಹಂಗೇ ಬಿಡಬೇಕು ಎಂದ ಎತ್ತರಕ್ಕೆ ಬಂದಾಗ, ಅವಳು ಕಾಲೂರಿ ನಿಂತಳು. ನರ ಮಾತ್ರ ಪೂರ್ತಿ ಕೂಡಲಿಲ್ಲ, ಕುಂಟು ಉಳಿಯಿತು. ಮತ್ತೆ ಯಾವ ಮಗುವನ್ನೂ ಅವಳ ಮೇಲೆ ಕೂರಿಸಲು ಆಗಲಿಲ್ಲ. ಸುಜಾತ ಇನ್ನೆರಡು ಸಲ ಬಂದು ಬೇಲಿಯ ಹತ್ತಿರ ತಾಯಿಯ ಸೊಂಟದ ಮೇಲೆ ಕೂತು ಬಿಜಲಿಯನ್ನು ನೋಡಿ ಹೋದಳು. ಆಮೇಲೆ ಬರಲಿಲ್ಲ. ಮಾವಶಿ ತೀರಿಕೊಂಡು ಹದಿನೈದು ವರ್ಷವಾಯಿತು. ಅವಳಿಗೆ ನಾನು ಹೇಳಲೇ ಇಲ್ಲ.

ಅದೇ ವರ್ಷದ ದಸರೆಯ ಹೊತ್ತಿಗೆ ಮಳೆ ನಿಂತಿತ್ತು. ಹಬ್ಬಕ್ಕೆ ಬಂದಿದ್ದ ಅತ್ತೆಯವರನ್ನು ಊರಿಗೆ ಕಳಿಸಲು ಕಾಚಿಗೂಡ ಸ್ಟೇಷನ್ನಿಗೆ ಹೋಗಿದ್ದೆ. ಅವರನ್ನು ಹೆಂಗಸರ ಡಬ್ಬಿಯಲ್ಲಿ ಕೂರಿಸಿ, ನೀರಿನ ತಂಬಿಗೆ ತುಂಬಿ ಕೊಟ್ಟು ಈ ಕಡೆ ಬರುವಾಗ ಪಕ್ಕದ ಡಬ್ಬಿಯ ಕಿಟಕಿಯಿಂದ "ಸಾಹೇಬ್ರ" ಎಂಬ ದನಿ ಬಂತು. ಮೆಹಬೂಬ್ ಸಾಬರು. ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ. ಕೆಲಸ ಬಿಟ್ಟು ಊರಿಗೇ ಹೊರಟಿದ್ದರು. ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಬಿಜಲಿ ಕಾಲು ಹೆಂಗೈತ್ರಿ?" ಎಂದರು. ಮೊದಲ ಮಾತೇ ಅದು. "ಅದ ಒಂದು ತಲ್ಯಾಗ ಕೊರಿಯಾಕತ್ತಿತ್ರಿ. ಬಂದು ಕೇಳಬೇಕಂದ್ರ ಬಾಯಾರ ಮುಂದ ಬರಾಕ ಮಾರಿ ಇಲ್ಲ ನನಗ."

ಈ ಮುದುಕನನ್ನು ಈ ಭಾರ ಹೊರಿಸಿ ಊರಿಗೆ ಕಳಿಸಬಾರದು ಎನ್ನಿಸಿತು. ಹಾಗಂತ ಆಗ ನನಗೆ ನಾನೇ ಹೇಳಿಕೊಂಡೆ. "ಆರಾಮ ಆಗೈತ್ರಿ. ಭೇಷ್ ಓಡಾಡಾಕತ್ತಾಳ. ಮಕ್ಕಳೂ ಕೂಡಾಕತ್ತಾರ" ಎಂದೆ.

"ಖರೇನ?" ಅವರ ಕಣ್ಣು ತುಂಬಿದವು. ಮೇಲೆ ನೋಡಿ ಏನೋ ಅಂದುಕೊಂಡರು. ಆಮೇಲೆ ನಿಧಾನವಾಗಿ ತಲೆ ಆಡಿಸಿದರು.

"ಹಂಗಾರ ನಿಮ್ಮ ಅಳತೀನ ಖರೇ ಇತ್ತ್ರಿ ಸಾಹೇಬ್ರ. ಮೊದಲಿಗೆ ನೋವಾತು, ಆಮ್ಯಾಲೆ ಕೂಡಿತು. ನಾನ ತಪ್ಪು ತಿಳಕೊಂಡಿದ್ದೆ. ನಮ್ಮಪ್ಪ ಹೇಳಿದ್ದ ಅಂತ ಇಷ್ಟು ವರ್ಷ ಒಂದು ಹಿಮ್ಮಡಿ ಎತ್ತರ, ಒಂದು ಗಿಡ್ಡ ಬಿಟಗೋತ ಬಂದೀನಲ್ರಿ. ಎಷ್ಟು ಜೀವಕ್ಕ ತ್ರಾಸು ಕೊಟ್ಟೀನೋ ಏನೋ."

ಅವರು ಕಿಟಕಿಯ ಸರಳಿಗೆ ಮುಖ ತಂದು, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು. "ಇನ್ನ ಅರಾ ಮುಟ್ಟಬಾರದು ಅಂತ ಮಾಡಿದ್ದೆ. ಊರಾಗ ಇನ್ನೂ ಎಂಟ್ಹತ್ತು ತಟ್ಟು ಅದಾವಂತ. ಈಗ ಧೈರ್ಯ ಬಂತು ನೋಡ್ರಿ. ಆ ತಗಡು ನನ್ನ ಕಡೆ ಇಲ್ಲ, ನನಗ ಬೆರಳ ಲೆಕ್ಕ. ಅವತ್ತು ಹಿಮ್ಮಡಿ ಎಷ್ಟು ಬೆರಳು ಉಳಿಸಿದ್ವಿ? ಗಾಬರ‍್ಯಾಗ ಮರತೀನಿ. ಹೇಳ್ರಿ."

ಕಣ್ಣಲ್ಲಿ ಅಷ್ಟೊಂದು ವಿಶ್ವಾಸ. ನಿಜ ಹೇಳಬೇಕೆಂದರೆ ಈಗ ಹೇಳಿದ ಸುಳ್ಳನ್ನು ಮೊದಲು ಒಪ್ಪಿಕೊಳ್ಳಬೇಕು, ಆಮೇಲೆ ಬೇಲಿಯ ಹತ್ತಿರ ಸುಮ್ಮನೆ ನಿಂತದ್ದನ್ನು, ಅದಕ್ಕೂ ಹಿಂದಿನದನ್ನು. ನನ್ನ ಕೈ ತಾನಾಗಿಯೇ ಮೇಲಕ್ಕೆದ್ದಿತು. ಎರಡು ಬೆರಳು ತೋರಿಸಿದೆ.

"ಎರಡ?" ಎಂದು ಅವರು ತಮ್ಮ ಎರಡು ಬೆರಳು ಜೋಡಿಸಿ, ನನ್ನ ಬೆರಳಿನ ಪಕ್ಕಕ್ಕೆ ಹಿಡಿದು ಅಳತೆ ನೋಡಿಕೊಂಡರು. "ಎಲ್ಲಾಕೂ ಎರ‍ಡ. ಆತ್ರಿ, ಇನ್ನ ಮರಿಯಾಂಗಿಲ್ಲ."

ಗಾಡಿ ಹೊರಡಲು ಇನ್ನೂ ಹತ್ತು ನಿಮಿಷ ಇತ್ತು.